ಸಮುದ್ರಣ್ಣ ಉಪವಾಸ ಹಿಡಿದ ಅಷ್ಟಮಿ

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ ಕಾಲವದು. ಮುಂದಕ್ಕೆ ನಡೆಯಬೇಕೋ ಅಡ್ಡಕ್ಕೆ ನಡೆಯಬೇಕೋ ಎಂದು ಏಡಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಬೆಳ್ಳಕ್ಕಿ ಎರಡೂ ಕಾಲೂರಿ ನಿಲ್ಲುತ್ತಿತ್ತು. ಚಂದ್ರ ಆಗಲೂ ದಿನಕ್ಕೊಂದು ಚೂರು ಸವೆಯುತ್ತಿದ್ದ, ಮತ್ತೆ ದಿನಕ್ಕೊಂದು ಚೂರು ತುಂಬಿಕೊಳ್ಳುತ್ತಿದ್ದ. ಯಾಕಪ್ಪಾ ಹೀಗೆ ಎಂದು ಅವನನ್ನು ಕೇಳಿದವರಿರಲಿಲ್ಲ. ದಿನಗಳಿಗೆ ಹೆಸರಿರಲಿಲ್ಲ. ಹಬ್ಬವಿರಲಿಲ್ಲ, ಉಪವಾಸವೂ ಇರಲಿಲ್ಲ.

ಸಮುದ್ರಣ್ಣನಿಗಂತೂ ತಿನ್ನುವುದೊಂದೇ ಕೆಲಸ. ಹಗಲಿಗೊಮ್ಮೆ ದಡ ಹತ್ತಿ ತಿನ್ನುತ್ತಿದ್ದ, ರಾತ್ರಿಗೊಮ್ಮೆ ದಡ ಹತ್ತಿ ತಿನ್ನುತ್ತಿದ್ದ. ಮರಳು, ಮಣ್ಣು, ಕೇದಗೆ ಪೊದೆ, ಯಾರೋ ಒಣಗಲು ಹರವಿದ ಬಲೆ, ಏನಾದರೂ ಸರಿ. ಇವತ್ತು ಹೆಚ್ಚು, ನಾಳೆ ಕಡಿಮೆ ಎಂಬುದಿಲ್ಲ. ಎಲ್ಲ ದಿನವೂ ಒಂದೇ ಸಮ. ಸಾಕು ಎಂಬ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಹೊಳೆ ಬಂದು ಸಮುದ್ರ ಸೇರುವ ಜಾಗದಲ್ಲಿ ತುಳಸು ಎಂಬ ಹೆಂಗಸಿನ ಗುಡಿಸಲಿತ್ತು. ಮನೆಯಲ್ಲಿ ಅತ್ತೆ ಬೀರಮ್ಮ ಮತ್ತು ಮೂವರು ಪುಟ್ಟ ಹೆಣ್ಣುಮಕ್ಕಳು. ಗಂಡ ಉಪ್ಪಿನ ಮೂಟೆ ಹೊತ್ತು ಘಟ್ಟ ಹತ್ತಿದ್ದ. ಮಳೆಗಾಲ ಹಿಡಿಯುವವರೆಗೆ ಬರುವವನಲ್ಲ.

ಹೊಳೆದಂಡೆಯ ತಗ್ಗಿನಲ್ಲಿ ತುಳಸುವಿಗೆ ಒಂದು ಗಜನಿ ಗದ್ದೆಯಿತ್ತು. ಗಜನಿ ಎಂದರೆ ಉಪ್ಪುನೀರಿನ ಪಕ್ಕದ ಗದ್ದೆ. ಸುತ್ತ ಮಣ್ಣಿನ ಕಟ್ಟು ಹಾಕಿ ಸಮುದ್ರದ ನೀರನ್ನು ಹೊರಗೆ ನಿಲ್ಲಿಸಬೇಕು. ಆಮೇಲೆ ಮಳೆಯ ಸಿಹಿನೀರು ಬಿದ್ದು ನೆಲದ ಉಪ್ಪನ್ನು ತೊಳೆಯಬೇಕು. ಆಗ ಕಗ್ಗ ಎಂಬ ಭತ್ತ ಏಳುತ್ತದೆ. ಕಟ್ಟು ಇಲ್ಲದಿದ್ದರೆ ಗದ್ದೆಯಿಲ್ಲ, ಗದ್ದೆ ಇಲ್ಲದಿದ್ದರೆ ಗಂಜಿಯಿಲ್ಲ.

ತುಳಸುವಿನ ಕಟ್ಟಿನಲ್ಲಿ ನಾಲ್ಕು ಮಾರು ಅಗಲದ ಕಂಡಿ ಬಿದ್ದಿತ್ತು. ಅವಳು ಮಣ್ಣು ಹೊತ್ತು ತಂದು ತುಂಬುತ್ತಿದ್ದಳು. ಸಮುದ್ರಣ್ಣ ಬಂದು ನೆಕ್ಕಿಬಿಡುತ್ತಿದ್ದ. ಮತ್ತೆ ತುಂಬುತ್ತಿದ್ದಳು, ಮತ್ತೆ ನೆಕ್ಕುತ್ತಿದ್ದ. ಹಸಿಮಣ್ಣು ಗಟ್ಟಿಯಾಗಲು ಮೂರು ದಿನವಾದರೂ ಬೇಕು. ಅವನು ಅರ್ಧ ದಿನವೂ ಬಿಡುತ್ತಿರಲಿಲ್ಲ.

ಎರಡು ವರ್ಷ ಹೀಗೇ ಆಯಿತು. ಎರಡು ವರ್ಷವೂ ಬಿತ್ತಿದ ಬೀಜ ಉಪ್ಪುನೀರಿನ ಪಾಲಾಯಿತು. ಈಗ ಉಳಿದಿದ್ದು ಒಂದೇ ಒಂದು ಮುಡಿ ಬೀಜ. ಹುಲ್ಲು ಸುತ್ತಿ ಹಗ್ಗ ಬಿಗಿದ ಆ ಮುಡಿಗೆ ಅತ್ತೆ ಬೀರಮ್ಮ ಬೆನ್ನು ಕೊಟ್ಟು ಕೂತಿರುತ್ತಿದ್ದಳು. "ನಾನು ಸತ್ತರೂ ಇದನ್ನ ಬೇಯಿಸಬೇಡ" ಎಂದು ಸೊಸೆಗೆ ಹೇಳಿಟ್ಟಿದ್ದಳು. ಮೊದಲ ಮಳೆ ಬೀಳುವುದರೊಳಗೆ ಕಂಡಿ ಮುಚ್ಚಬೇಕು. ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಬೀಜವೂ ಇಲ್ಲ, ಉಣ್ಣುವವರೂ ಇಲ್ಲ.

ಒಂದು ದಿನ ತುಳಸು ಗಂಜಿ ಬಡಿಸಿದಳು. ಮೂವರು ಮಕ್ಕಳಿಗೆ ಒಂದೊಂದು ಸೌಟು, ಅತ್ತೆಗೆ ಒಂದು ಸೌಟು. ಅಲ್ಲಿಗೆ ಮಡಕೆ ಮುಗಿಯಿತು.

"ಅಮ್ಮ, ನಿನಗೆ?" ಎಂದಳು ದೊಡ್ಡವಳು.

ತುಳಸು ಮಡಕೆ ಕವುಚಿ ಹಾಕುತ್ತಾ, "ನನಗೆ ಇವತ್ತು ವ್ರತ" ಎಂದಳು.

ಅಂಥದೊಂದು ಮಾತನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಕ್ಕಳು ಅದೇನೋ ದೊಡ್ಡ ವಿಷಯ ಎಂದುಕೊಂಡು ಉಂಡವು. ಬೀರಮ್ಮ ಮಾತ್ರ ಕವುಚಿದ ಮಡಕೆಯನ್ನೇ ನೋಡಿದಳು.

ತುಳಸು ಕಟ್ಟಿನ ಮೇಲೆ ಹೋಗಿ ಮಣ್ಣು ಹಾಕತೊಡಗಿದಳು. ಮಧ್ಯಾಹ್ನ ಕಳೆದಿತ್ತು. ನೀಲಿ ಆಕಾಶದಲ್ಲಿ ಚಂದ್ರ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ ಹಾಗೆ ಹಗಲಲ್ಲೇ ಕಾಣಿಸಿಕೊಂಡಿದ್ದ. ಸಮುದ್ರಣ್ಣ ಎಂದಿನಂತೆ ಬಾಯಿ ಚಪ್ಪರಿಸುತ್ತಾ ಬಂದ. ಬಂದವನು ಒಂದು ಸದ್ದು ಕೇಳಿ ನಿಂತ.

"ಅದೆಂತ ತಂಗಿ, ಗುರ್ ಅಂದದ್ದು?"

"ನನ್ನ ಹೊಟ್ಟೆ" ಎಂದಳು ತುಳಸು, ತಲೆಯೆತ್ತದೆ.

"ಉಂಡಿಲ್ವಾ?"

"ಇವತ್ತು ವ್ರತ."

"ವ್ರತ ಅಂದ್ರೆ ಎಂತ ತಿಂಡಿ? ನಾನು ತಿಂದೇ ಇಲ್ಲ."

ತುಳಸುವಿಗೆ ಸಿಟ್ಟೂ ಬಂತು, ಅಳುವೂ ಬಂತು. ಬುಟ್ಟಿ ಕೆಳಗಿಟ್ಟಳು. "ಮಕ್ಕಳ ಹತ್ರ ಸುಳ್ಳು ಹೇಳಿ ಬಂದಿದ್ದೇನೆ ಅಣ್ಣ, ನಿನ್ನ ಹತ್ರ ಎಂತಕ್ಕೆ ಹೇಳಲಿ? ಮಡಕೆಯಲ್ಲಿ ಇದ್ದದ್ದು ನಾಲ್ಕೇ ಸೌಟು. ನನ್ನ ಪಾಲು ಬಿಟ್ಟೆ. ಬಿಟ್ಟಿದ್ದು ಗೊತ್ತಾದ್ರೆ ಅವು ಉಣ್ಣುದಿಲ್ಲ, ಅದಕ್ಕೆ ವ್ರತ ಅಂದೆ."

ಸಮುದ್ರಣ್ಣನ ಅಷ್ಟು ದೊಡ್ಡ ಮೈಯಲ್ಲಿ ಇಂಥದೊಂದು ಯೋಚನೆ ಯಾವತ್ತೂ ಹುಟ್ಟಿರಲಿಲ್ಲ.

"ಬೇರೆಯವರಿಗೆ ಅಂತ ಬಿಡುವುದಾ?" ಎಂದ. "ನಾನು ಒಂದು ಚಿಪ್ಪನ್ನೂ ಬಿಟ್ಟವನಲ್ಲ. ಬಿಟ್ರೆ ಹೇಗಿರ್ತದೆ ಅಂತ ನೋಡಬೇಕಲ್ಲ. ನಾನೂ ಮಾಡ್ತೇನೆ ತಂಗಿ."

"ಮೂರು ದಿನ ಮಾಡ್ತೀಯಾ? ಮೂರು ದಿನ ನನ್ನ ಕಟ್ಟು ಮುಟ್ಟದಿದ್ರೆ ಸಾಕು."

"ಮೂರು ಎಂತಕ್ಕೆ, ಮೂವತ್ತು ದಿನ ಮಾಡ್ತೇನೆ!" ಎಂದ ಸಮುದ್ರಣ್ಣ. ಹೊಸತಾಗಿ ಉಪವಾಸ ಹಿಡಿಯುವವರೆಲ್ಲ ಹೀಗೇ ಹೇಳುವುದು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದ, "ನೀರು ಕುಡಿಬಹುದಾ?"

"ನೀನೇ ನೀರಲ್ಲ ಮಾರಾಯ!"

"ಹಾಗಾದ್ರೆ ಒಂದು ಹಣ್ಣು?"

ತುಳಸುವಿಗೆ ಪಾಪ ಎನಿಸಿತು. "ಹಸಿವು ತಡೆಯುದಿಲ್ಲ ಅಂತಾದ್ರೆ ಒಂದು ಹಣ್ಣು ತಿನ್ನು" ಎಂದಳು. ಅದೇ ತಪ್ಪಾಯಿತು.

ಮರುದಿನ ಮಧ್ಯಾಹ್ನ ಬಂದು ನೋಡಿದರೆ ದಡದ ಹಲಸಿನ ಮರ ಬುಡಸಮೇತ ಇಲ್ಲ. ನಾಲ್ಕು ತೆಂಗಿನ ಮರ ಇಲ್ಲ. ಗೇರುಹಣ್ಣಿನ ಗುಡ್ಡದ ಒಂದು ಮಗ್ಗುಲೇ ಇಲ್ಲ. ಹಣ್ಣಿನ ಜೊತೆ ಅವಳು ಹಾಕಿದ ಮಣ್ಣೂ ಹೋಗಿತ್ತು. ನಮ್ಮ ಮನೆಗಳಲ್ಲೂ ಉಪವಾಸದ ದಿನ ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ ಎಂದು ಎಲೆ ತುಂಬುತ್ತದೆಯಲ್ಲ, ಸಮುದ್ರಣ್ಣನನ್ನು ನೋಡಿ ನಗುವ ಮೊದಲು ಅದನ್ನೂ ಸ್ವಲ್ಪ ನೆನೆದುಕೊಳ್ಳಿ.

"ಇದು ಉಪವಾಸವಾ? ಇದು ಮದುವೆ ಊಟ!" ತುಳಸು ಕೂಗಿದಳು.

ಸಮುದ್ರಣ್ಣ ನಾಚಿ ನೊರೆಯಲ್ಲಿ ಮುಖ ಮುಚ್ಚಿಕೊಂಡ. "ನನ್ನಿಂದ ಆಗುದಿಲ್ಲ ತಂಗಿ. ಒಮ್ಮೆಲೇ ಬಿಟ್ರೆ ಹೊಟ್ಟೆ ಉರಿತದೆ. ಕಣ್ಣು ಕತ್ತಲೆ ಬಂತು. ಒಂದು ಹಣ್ಣು ಬಾಯಿಗೆ ಬಿದ್ದದ್ದಷ್ಟೇ ಗೊತ್ತು, ಉಳಿದದ್ದು ಗೊತ್ತಿಲ್ಲ."

ಮೇಲಿಂದ ಯಾರೋ ನಕ್ಕರು. ನಕ್ಕವನು ಆಗಷ್ಟೇ ಆಕಾಶ ಹತ್ತುತ್ತಿದ್ದ ಚಂದ್ರ.

"ಒಮ್ಮೆಲೇ ಬಿಡು ಅಂತ ಯಾರು ಹೇಳಿದ್ದು?" ಎಂದ ಚಂದ್ರ. "ನನ್ನನ್ನ ನೋಡು. ದಿನಕ್ಕೊಂದು ಚೂರು ಬಿಡ್ತೇನೆ. ಆ ಚೂರು ಹಾಲಾಗಿ ಹುಲ್ಲಿಗೆ, ಗಿಡಕ್ಕೆ, ಕಾಳಿಗೆ ಇಳೀತದೆ. ಮತ್ತೆ ದಿನಕ್ಕೊಂದು ಚೂರು ತುಂಬಿಕೊಳ್ತೇನೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ತುಳಸು ಬಾಯಿ ಬಿಟ್ಟುಕೊಂಡು ನೋಡಿದಳು. ಇಷ್ಟು ವರ್ಷ ಅವನನ್ನು ನೋಡಿಯೂ ಕೇಳಲಿಲ್ಲವಲ್ಲ ಎಂದು ಅವಳಿಗೆ ಸಂಕೋಚವಾಯಿತು. ನಿಂತಲ್ಲೇ ಕೈ ಮುಗಿದಳು.

"ಈಗ ನಾನು ತುಂಬುವ ಹೊತ್ತು" ಎಂದ ಚಂದ್ರ. "ನಾನು ಪೂರ್ತಿ ತುಂಬುವ ದಿನ ನೀನೂ ಹೊಟ್ಟೆ ತುಂಬ ತಿನ್ನು. ಮಾರನೇ ದಿನದಿಂದ ನನ್ನ ಜೊತೆ ಒಂದೊಂದು ತುತ್ತು ಬಿಡುತ್ತಾ ಬಾ. ನಾನು ಮತ್ತೆ ಸರೀ ಅರ್ಧ ಆದಾಗ ನಿನ್ನ ಉಪವಾಸ."

ಇನ್ನೂ ಹದಿನಾಲ್ಕು ದಿನ! ನೈಋತ್ಯದಲ್ಲಿ ಆಗಲೇ ಒಂದು ಮೋಡ ತಲೆ ಹಾಕಿತ್ತು. ಮನೆಯಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು. ಆದರೆ ಬೇರೆ ದಾರಿಯೂ ಇರಲಿಲ್ಲ.

ತುಳಸು ಗುಡಿಸಲಿನ ಗೋಡೆಯ ಮೇಲೆ ದಿನಕ್ಕೊಂದು ಸುಣ್ಣದ ಬೊಟ್ಟು ಇಡುತ್ತಾ ಬಂದಳು. ಮಕ್ಕಳು ಹಸಿವು ಮರೆಯಲು ಆ ಬೊಟ್ಟುಗಳಿಗೆ ಹೆಸರಿಟ್ಟು ಆಡಿದವು. ಹುಣ್ಣಿಮೆ ಕಳೆದ ಮೇಲೆ ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ಹಾಡುತ್ತಾ ಕುಣಿಯುತ್ತಿದ್ದವು. ಬೀರಮ್ಮ ಮುಡಿಗೆ ಒರಗಿಕೊಂಡೇ ತಾಳ ಹಾಕುತ್ತಿದ್ದಳು.

ಹುಣ್ಣಿಮೆಯ ದಿನ ಸಮುದ್ರಣ್ಣ ಗುಡಿಸಲಿನ ಹೊಸ್ತಿಲವರೆಗೆ ಬಂದುಬಿಟ್ಟ. ಬೀರಮ್ಮ ಮುಡಿಯನ್ನು ತಲೆಯ ಮೇಲೆ ಹೊತ್ತು ನಿಂತಳು. "ಹೆದರಬೇಡಿ ಅಜ್ಜಿ, ಇವತ್ತು ತಿನ್ನುವ ದಿನವಾದ್ರೂ ನಿಮ್ಮ ಮನೆ ಮುಟ್ಟುದಿಲ್ಲ" ಎಂದ. ಬಂದಷ್ಟೇ ದೂರ ಹಿಂದೆ ಹೋದ. ಯಾವತ್ತೂ ಕಾಣದ ತಳವೆಲ್ಲ ಬಯಲಾಯಿತು. ಕೆಸರಿನ ತುಂಬ ಚಿಪ್ಪಿಕಲ್ಲು, ಒಳಗೆಲ್ಲ ಮಾಂಸ! ತುಳಸುವೂ ಮಕ್ಕಳೂ ಬುಟ್ಟಿ ಬುಟ್ಟಿ ಆರಿಸಿ ತಂದರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಉಳಿದದ್ದನ್ನು ಒಣಗಿಸಿ ಇಟ್ಟುಕೊಂಡರು.

ಮರುದಿನದಿಂದ ಸಮುದ್ರಣ್ಣ ಒಂದು ತುತ್ತು ಕಡಿಮೆ ಮಾಡಿದ. ಅದರ ಮರುದಿನ ಇನ್ನೊಂದು ತುತ್ತು. ಒಂದೊಂದು ದಿನವೂ ಅವನು ಒಂದೊಂದು ಗೇಣು ಕೆಳಗೇ ನಿಂತ.

ಹುಣ್ಣಿಮೆ ಕಳೆದು ಎಂಟನೆಯ ಬೊಟ್ಟು ಇಟ್ಟ ದಿನ ಬೆಳಗ್ಗೆ ಪಡುವಣದಲ್ಲಿ ಅರ್ಧ ಚಂದ್ರ ಕಂಡ. ಮಕ್ಕಳು ಆ ದಿನಕ್ಕೆ ಅಷ್ಟಮಿ ಎಂದು ಹೆಸರಿಟ್ಟಿದ್ದವು. ತುಳಸು ಏನೂ ತಿನ್ನದೆ ಬುಟ್ಟಿ ಎತ್ತಿಕೊಂಡಳು.

"ಇವತ್ತು ಮಡಕೆಯಲ್ಲಿ ಇದೆಯಲ್ಲೇ ಮಗಾ" ಎಂದಳು ಬೀರಮ್ಮ.

"ಇದೆ ಅತ್ತೆ. ಇದ್ದದ್ದಕ್ಕೇ ಬಿಡ್ತೇನೆ. ಅವನೊಬ್ಬನೇ ಹಸಿದು ಕೂತ್ರೆ ಸರಿಯಾ?"

ಬೀರಮ್ಮ ಸೊಸೆಯ ಮುಖವನ್ನೇ ನೋಡಿದಳು. ಮೊನ್ನೆ ಹೇಳಿದ ಸುಳ್ಳು ಇವತ್ತು ನಿಜವಾಗಿತ್ತು. "ಹಾಗಾದ್ರೆ ನನಗೂ ವ್ರತ" ಎಂದು ಮುದುಕಿ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು.

ಮಣ್ಣು ತುಳಿದರು, ಉಂಡೆ ಮಾಡಿದರು, ಹೊತ್ತು ತಂದು ಬಡಿದರು. ಮಕ್ಕಳು ಪುಟ್ಟ ಕೈಯಿಂದ ತಟ್ಟಿ ತಟ್ಟಿ ನಯ ಮಾಡಿದವು. ಸಮುದ್ರಣ್ಣ ಕೆಳಗೆ ತುಟಿ ಕಚ್ಚಿ ನಿಂತಿದ್ದ. ಮೇಲೆ ಬರಲಿಲ್ಲ, ಕೆಳಗೆ ಹೋಗಲೂ ಇಲ್ಲ. ಅಷ್ಟಮಿ ಕಳೆಯಿತು. ನವಮಿ ಕಳೆಯಿತು. ದಶಮಿಯ ಹೊತ್ತಿಗೆ ಅವನ ಹೊಟ್ಟೆಯ ಗುರುಗುರು ಸದ್ದು ಘಟ್ಟಕ್ಕೂ ಕೇಳುತ್ತಿತ್ತಂತೆ. ಮೋಡ ನೆತ್ತಿಗೆ ಬಂದಿತ್ತು. ಕಂಡಿ ಇನ್ನು ಒಂದೇ ಮೊಳ ಉಳಿದಿತ್ತು.

ಆಗ ಒಂದು ಅಲೆ ಅವನಿಗೇ ತಿಳಿಯದೆ ಮೇಲೆ ಜಾರಿತು. ಕಂಡಿಯ ಬಾಯಿಯವರೆಗೂ ಬಂತು. ತುಳಸುವಿನ ಕೈಯಲ್ಲಿದ್ದ ಮಣ್ಣಿನ ಉಂಡೆ ಅಲ್ಲೇ ನಿಂತಿತು.

ಅಲೆ ಹಸಿಮಣ್ಣನ್ನು ಮೂಸಿತು. ಚಿಕ್ಕ ಹುಡುಗಿಯ ಕೆಸರು ಕಾಲನ್ನು ಸವರಿತು. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

ತುಳಸು ಕೊನೆಯ ಉಂಡೆ ಇಟ್ಟು ಎರಡೂ ಕೈಯಿಂದ ಒತ್ತಿದಳು. ಕಂಡಿ ಮುಚ್ಚಿತು. ಕಟ್ಟಿನ ಮೇಲೆ ಕೂತು ಅವಳು ಅತ್ತಳು. ಸಂತೋಷದ ಅಳುವೇ ಅದು. ಆಮೇಲೆ ಒಂದು ತೆಂಗಿನಕಾಯಿ ಒಡೆದು, "ಅಣ್ಣ, ಉಪವಾಸ ಮುರಿ. ನಿನ್ನ ಉಪಕಾರ ನನ್ನ ಮಕ್ಕಳ ಮೊಮ್ಮಕ್ಕಳೂ ಮರೆಯುದಿಲ್ಲ" ಎಂದು ಮೊದಲ ಹೋಳನ್ನು ನೀರಿಗೆ ಬಿಟ್ಟಳು.

ಸಮುದ್ರಣ್ಣ ಅದನ್ನು ಬಾಯಲ್ಲಿಟ್ಟು ಬಹಳ ಹೊತ್ತು ಚಪ್ಪರಿಸಿದ. "ತಂಗಿ, ಇಷ್ಟು ವರ್ಷ ತಿಂದ್ರೂ ಒಂದರ ರುಚಿಯೂ ಗೊತ್ತಿರಲಿಲ್ಲ" ಎಂದ. "ದಡದಲ್ಲಿ ಇಷ್ಟೆಲ್ಲ ಜನ, ಮಕ್ಕಳು, ಹಕ್ಕಿ ಇದ್ದಾರೆ ಅಂತ ಬಾಯಿ ಮುಚ್ಚಿ ನಿಂತ ಮೇಲೇ ಕಂಡದ್ದು. ಉಪಕಾರ ನಿನ್ನದು. ಇನ್ನು ಮುಂದೆ ಚಂದ್ರ ಅರ್ಧ ಆದಾಗಲೆಲ್ಲ ನನಗೆ ಉಪವಾಸ."

"ಅಮಾವಾಸ್ಯೆಗೆ?" ಎಂದು ಮೇಲಿಂದ ಚಂದ್ರ ಕೇಳಿದ.

"ಅವತ್ತು ನೀನೇ ಇರುದಿಲ್ಲವಲ್ಲ, ನಾನು ಎಷ್ಟು ತಿಂದೆ ಅಂತ ನೋಡುವವರು ಯಾರು? ಅವತ್ತೂ ಹೊಟ್ಟೆ ತುಂಬ ತಿಂತೇನೆ!" ಎಂದ ಸಮುದ್ರಣ್ಣ. ಎಲ್ಲರೂ ನಕ್ಕರು.

ಆ ಸಂಜೆಯೇ ಮಳೆ ಬಿತ್ತು. ಸಿಹಿನೀರು ಗದ್ದೆಯ ಉಪ್ಪು ತೊಳೆಯಿತು. ಬೀರಮ್ಮ ತಾನೇ ಮುಡಿಯ ಹಗ್ಗ ಬಿಚ್ಚಿದಳು. ಘಟ್ಟದಿಂದ ಗಂಡ ಇಳಿದು ಬರುವ ಹೊತ್ತಿಗೆ ಗದ್ದೆ ಹಸಿರಾಗಿ ನಿಂತಿತ್ತು.

ಈಗಲೂ ಹುಣ್ಣಿಮೆಗೆ, ಅಮಾವಾಸ್ಯೆಗೆ ಸಮುದ್ರ ದಡ ಹತ್ತಿ ಬರುತ್ತದೆ, ಅಷ್ಟೇ ದೂರ ಹಿಂದೆ ಹೋಗುತ್ತದೆ. ಚಂದ್ರ ಅರ್ಧವಾಗಿ ಕಾಣುವ ಅಷ್ಟಮಿಯ ಆಸುಪಾಸಿನಲ್ಲಿ ಹೊಳೆಬಾಯಿಗೆ ಹೋಗಿ ನೋಡಿ. ನೀರು ಹೆಚ್ಚು ಏರದೆ, ಹೆಚ್ಚು ಇಳಿಯದೆ ಸುಮ್ಮನೆ ನಿಂತಿರುತ್ತದೆ, ಗಜನಿಯ ಜನ ಆ ದಿನಗಳಲ್ಲೇ ಕಟ್ಟಿಗೆ ಮಣ್ಣು ಹಾಕುತ್ತಿರುತ್ತಾರೆ, ಮತ್ತು ನಿಮ್ಮ ತಟ್ಟೆಯ ಅನ್ನದಲ್ಲಿ ಸಮುದ್ರ ತಾನು ಉಣ್ಣದೆ ನಿಮಗಾಗಿ ಬಿಟ್ಟ ಒಂದು ತುತ್ತು ಇರುತ್ತದೆ.