ಬಾಯಿ ಬಿಡಿಸಿ ನೋಡದ ಹಿಂಡು

“ಗುರುಗಳೇ, ಹೆಚ್ಚು ಜನ ಸತ್ತ ಊರಿನ ವೈದ್ಯ ಒಳ್ಳೆಯವನೋ, ಕಡಿಮೆ ಜನ ಸತ್ತ ಊರಿನ ವೈದ್ಯ ಒಳ್ಳೆಯವನೋ?”

ಓಬಯ್ಯ ಹೀಗೆ ಕೇಳಿದಾಗ ಪಕ್ಕದಲ್ಲಿ ಕೂತಿದ್ದ ಶಿಷ್ಯರು ಕಿಸಕ್ಕನೆ ನಕ್ಕರು. ಇದನ್ನು ಹೇಳಲು ಗುರುಗಳೇ ಬೇಕೇ? ನಿನ್ನೆಯವರೆಗೆ ಓಬಯ್ಯನೂ ನಗುತ್ತಿದ್ದ. ಈಗ ಅವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ವಿಷಯ ಇಷ್ಟೇ. ಆಶ್ರಮ ಎರಡು ಊರುಗಳಲ್ಲಿ ವೈದ್ಯರನ್ನು ಇಟ್ಟಿತ್ತು. ಹೊಳೆಸಾಲಿನಲ್ಲಿ ಒಬ್ಬ, ಹೊಸಕಾವಲಿನಲ್ಲಿ ಒಬ್ಬ. ಈ ವರ್ಷ ಕಣಜದಲ್ಲಿ ಒಬ್ಬನನ್ನು ಸಾಕುವಷ್ಟೇ ಕಾಳಿತ್ತು. ಉಳಿದವನು ಎರಡೂ ಊರನ್ನು ನೋಡಿಕೊಳ್ಳಬೇಕು. ಯಾರನ್ನು ಉಳಿಸಿಕೊಳ್ಳೋಣ, ನೋಡಿ ಬಾ ಎಂದು ಗುರುಗಳು ಓಬಯ್ಯನನ್ನು ಕಳಿಸಿದ್ದರು.

ಓಬಯ್ಯ ಯಾರ ಮಾತನ್ನೂ ಸುಮ್ಮನೆ ನಂಬುವವನಲ್ಲ. ವೈದ್ಯರ ಮನೆಗೆ ಹೋಗದೆ ನೆಟ್ಟಗೆ ಸುಡುಗಾಡಿಗೆ ಹೋದ. ಆ ಸೀಮೆಯಲ್ಲಿ ಸತ್ತವರನ್ನು ಹೂಳುವುದು ರೂಢಿ. ಎರಡೂ ಊರುಗಳಲ್ಲಿ ಜನ ಹೆಚ್ಚುಕಡಿಮೆ ಸಮ. ಓಬಯ್ಯ ಹೊಸ ಮಣ್ಣಿನ ದಿಬ್ಬಗಳನ್ನು ಎಣಿಸಿದ. ಹೊಳೆಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸಕಾವಲಿನಲ್ಲಿ ಅದರ ಅರ್ಧವೂ ಇರಲಿಲ್ಲ. ಇನ್ನೇನು ನೋಡುವುದಿದೆ ಎಂದುಕೊಂಡು ಕೈ ತೊಳೆದ.

ಊರಿನೊಳಗೆ ಹೋದ ಮೇಲೆ ಎಲ್ಲವೂ ತಲೆಕೆಳಗಾಯಿತು. ಹೊಳೆಸಾಲಿಗೆ ಸುತ್ತಲಿನ ವಯಸ್ಸಾದವರು ಕೊನೆಗಾಲ ಕಳೆಯಲು ಬರುತ್ತಿದ್ದರು. ಹೊಳೆಯ ದಂಡೆಯಲ್ಲಿ ಕಣ್ಣು ಮುಚ್ಚಿದರೆ ಒಳ್ಳೆಯದೆಂದು ಅವರ ನಂಬಿಕೆ. “ಇವತ್ತೋ ನಾಳೆಯೋ ಅನ್ನೋ ಹಾಗೆ ಬಂದಿದ್ಲು ನಮ್ಮಜ್ಜಿ. ಇವರ ಕೈಯಲ್ಲಿ ಇನ್ನೂ ಎರಡು ಮಳೆಗಾಲ ಕಂಡ್ಲು. ಅವರ ಹೊಟ್ಟೆ ತಣ್ಣಗಿರಲಿ ಸ್ವಾಮಿ” ಎಂದು ಒಬ್ಬ ಹೆಂಗಸು ವೈದ್ಯನನ್ನು ಹರಸಿದಳು. ಹೊಸಕಾವಲು ಮೊನ್ನೆ ಮೊನ್ನೆ ಪೊದೆ ಕಡಿದು ಕಟ್ಟಿದ ಊರು. ಅಲ್ಲಿಗೆ ಬಂದವರೆಲ್ಲ ಹೊಸದಾಗಿ ಮದುವೆಯಾದವರು. ಅಲ್ಲಿ ವೈದ್ಯನ ಹೆಸರೆತ್ತಿದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದರು. ಹೆಚ್ಚು ಸತ್ತ ಕಡೆ ಹಾರೈಕೆ, ಕಡಿಮೆ ಸತ್ತ ಕಡೆ ಕಣ್ಣೀರು. ಇದೆಂಥ ಲೆಕ್ಕ? ಓಬಯ್ಯನಿಗೆ ನಿಜಕ್ಕೂ ಭಯವಾಯಿತು. ನಾಳೆ ಅವನು ಒಂದು ಹೆಸರು ಹೇಳಬೇಕಿತ್ತು.

ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರನಿಗೆ ಎರಡು ಕುರಿಹಿಂಡುಗಳಿದ್ದವು. ಎರಡರಲ್ಲೂ ಕುರಿಗಳು ಸಮ. ಒಂದನ್ನು ಮೂಡಣ ಗುಡ್ಡದಲ್ಲಿ ಒಬ್ಬ ಕುರಿಗಾಹಿ ಕಾಯುತ್ತಿದ್ದ. ಇನ್ನೊಂದನ್ನು ಪಡುವಣ ಗುಡ್ಡದಲ್ಲಿ ಮತ್ತೊಬ್ಬ ಕಾಯುತ್ತಿದ್ದ. ಕುರಿ ಸತ್ತರೆ ಅದರ ಚರ್ಮವನ್ನು ತಂದು ಸಾಹುಕಾರನ ಅಂಗಳದಲ್ಲಿ ಹಾಕಬೇಕು. ಮಾರಿಕೊಂಡಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ವರ್ಷದ ಕೊನೆಗೆ ಸಾಹುಕಾರ ಅಂಗಳಕ್ಕೆ ಬಂದು ನೋಡಿದ. ಮೂಡಣದವನ ರಾಶಿ ಎದೆಯೆತ್ತರ. ಪಡುವಣದವನದು ಮೊಣಕಾಲೆತ್ತರ. ಸಾಹುಕಾರ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಪಡುವಣದವನಿಗೆ ಕಂಬಳಿ ಹೊದಿಸಿದ. ಮೂಡಣದವನಿಗೆ ಬಾಗಿಲು ತೋರಿಸಿದ.

“ಧಣಿ, ಒಂದು ಸಲ ನನ್ನ ಕುರಿಗಳ ಬಾಯಿ ಬಿಡಿಸಿ ನೋಡಿ” ಎಂದು ಮೂಡಣದವನು ಕೈಮುಗಿದ.

“ಮೊದಲು ನಿನ್ನ ಬಾಯಿ ಮುಚ್ಚು” ಎಂದ ಸಾಹುಕಾರ.

ಕುರಿಯ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ. ಬಾಯಿ ಬಿಡಿಸಿದ್ದರೆ ಸಾಹುಕಾರನಿಗೆ ಮೂಡಣದ ಹಿಂಡಿನಲ್ಲಿ ಹಲ್ಲು ಉದುರಿದ ಮುದಿಕುರಿಗಳೇ ಕಾಣುತ್ತಿದ್ದವು. ಪಡುವಣದ ಹಿಂಡಿನಲ್ಲಿ ಮರಿಗಳು, ಪ್ರಾಯದ ಕುರಿಗಳು. ಅವನು ಬಿಡಿಸಲಿಲ್ಲ. ಎರಡೂ ಹಿಂಡುಗಳನ್ನು ಪಡುವಣದವನ ಕೈಗೇ ಒಪ್ಪಿಸಿ ನಿಶ್ಚಿಂತೆಯಿಂದ ಮಲಗಿದ.

ಮರುವರ್ಷ ಅಂಗಳದಲ್ಲಿ ನಡೆದಾಡಲು ದಾರಿಯಿರಲಿಲ್ಲ. ಮುದಿಕುರಿಗಳು ಒಂದೂ ಉಳಿದಿರಲಿಲ್ಲ. ಮರಿಗಳು ಮೊದಲಿನಂತೆಯೇ ಸಾಯುತ್ತಿದ್ದವು. ಸಾಹುಕಾರನಿಗೆ ದಿಕ್ಕು ತೋಚಲಿಲ್ಲ. ನಿನ್ನ ಕೈಗುಣ ಎಲ್ಲಿ ಹೋಯಿತೋ ಎಂದು ಕೂಗಾಡಿದ. ಪಡುವಣದವನು ತಲೆ ಕೆರೆದುಕೊಂಡು ಹೇಳಿದ: “ಕೈ ಅದೇ ಧಣಿ. ಕುರಿ ಬೇರೆ.”

ಸಾಹುಕಾರ ಮೂಡಣದವನನ್ನು ಹುಡುಕಿಕೊಂಡು ಹೋದ. ಅವನು ಬೇರೆ ಯಾರದೋ ಮರಿಗಳನ್ನು ಕಾಯುತ್ತಿದ್ದ. ವರ್ಷವಿಡೀ ಅವನ ಕೈಯಲ್ಲಿ ಒಂದು ಮರಿಯೂ ಸತ್ತಿರಲಿಲ್ಲ. ಸಾಹುಕಾರನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಇದನ್ನು ಆವತ್ತೇ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಅವನನ್ನೇ ಗದರಿದ.

“ಹೇಳಿದೆ ಧಣಿ. ನೀವು ರಾಶಿ ಪಕ್ಕ ರಾಶಿ ಇಟ್ಟು ನೋಡಿದಿರಿ. ಮುದಿಕುರಿ ಪಕ್ಕ ಮುದಿಕುರಿ ಇಡಬೇಕಿತ್ತು, ಮರಿ ಪಕ್ಕ ಮರಿ. ಇಬ್ಬರಿಗೂ ಒಂದೇ ಥರದ ಹಿಂಡು ಕೊಟ್ಟಿದ್ದರೆ ಯಾರ ರಾಶಿ ಎಷ್ಟಾಗುತ್ತಿತ್ತು ಅಂತ ಕೇಳಿಕೊಳ್ಳಬೇಕಿತ್ತು.”

“ಆಯಿತು, ತಪ್ಪಾಯಿತು. ಮತ್ತೆ ಬಂದು ಕಾಯಿ.”

“ಬರುತ್ತೇನೆ. ಕಾಯಲು ಏನು ಉಳಿದಿದೆ?”

ಗುರುಗಳು ಕತೆ ನಿಲ್ಲಿಸಿದರು. ಕಿಸಕ್ಕೆಂದಿದ್ದ ಶಿಷ್ಯರು ಈಗ ನೆಲ ನೋಡುತ್ತಿದ್ದರು. ಓಬಯ್ಯನಿಗೆ ಅರ್ಧ ತಿಳಿಯಿತು. ಆ ಅರ್ಧ ಅವನನ್ನು ಮತ್ತಷ್ಟು ಗೊಂದಲಕ್ಕೆ ನೂಕಿತು.

“ಹೊಳೆಸಾಲಿಗೆ ಸಾಯಲೆಂದೇ ಬಂದವರು ಸತ್ತರು. ಅದು ಅಲ್ಲಿನ ವೈದ್ಯನ ತಪ್ಪಲ್ಲ, ಒಪ್ಪಿದೆ” ಎಂದ. “ಆದರೆ ಹೊಸಕಾವಲಿನವನದೂ ತಪ್ಪು ಕಾಣುತ್ತಿಲ್ಲವಲ್ಲ ಗುರುಗಳೇ? ಅಲ್ಲಿ ದಿಬ್ಬಗಳೇ ಕಡಿಮೆ. ನಾನೇ ಎಣಿಸಿದ್ದೇನೆ. ನಾಳೆ ಯಾರ ಹೆಸರು ಹೇಳಲಿ?”

“ಆ ದಿಬ್ಬಗಳು ಎಷ್ಟುದ್ದ ಇದ್ದವು, ಓಬಯ್ಯ?”

ತೋರಿಸಲೆಂದು ಓಬಯ್ಯ ಎರಡೂ ಕೈ ಎತ್ತಿದ. ಕೈಗಳು ಎರಡು ಮೊಳದ ಅಂತರಕ್ಕೆ ಬಂದು ನಿಂತವು. ಒಂದು ಕೂಸು ಮಲಗುವಷ್ಟೇ ಜಾಗ.