ಪೆಟ್ಟಿಗೆ ಸೇರಿದ ಹಳದಿ ದೀಪಗಳು

ತಿಮ್ಮರಾಯಪ್ಪನದು ಹೂವು ಸಾಗಿಸುವ ಟೆಂಪೋ. ಬೆಟ್ಟದ ತಪ್ಪಲಿನ ತನ್ನ ಊರಿನಲ್ಲಿ ಸೇವಂತಿಗೆ ಮೂಟೆಗಳನ್ನು ಹೇರಿಕೊಂಡು ನಸುಕಿನಲ್ಲೇ ಹೊರಡುತ್ತಿದ್ದ. ಬಿಸಿಲೇರುವ ಮೊದಲು ಪೇಟೆಯ ಹೂವಿನ ಮಂಡಿ ಸೇರಬೇಕು, ಇಲ್ಲದಿದ್ದರೆ ಹೂವು ಬಾಡುತ್ತದೆ.

ಚಳಿಗಾಲ ಬಂದರೆ ಆ ದಾರಿಯಲ್ಲಿ ದಟ್ಟ ಮಂಜು. ಒಂದು ವರ್ಷ ರಸ್ತೆ ಯಾವುದು, ಹೊಲ ಯಾವುದು ತಿಳಿಯದೆ ಟೆಂಪೋ ಹಳ್ಳಕ್ಕೆ ಇಳಿದುಬಿಟ್ಟಿತು. ಅವನಿಗೇನೂ ಆಗಲಿಲ್ಲ. ಆದರೆ ಸುದ್ದಿ ಕೇಳಿದ ಹೆಂಡತಿ ಅಶ್ವತ್ಥಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಬೇರೆ ಏನೂ ಬೇಡ, ಮೊದಲು ಗಾಡಿಗೆ ಒಳ್ಳೇ ದೀಪ ಹಾಕಿಸ್ಕೊಂಡು ಬನ್ನಿ" ಎಂದಳು.

ಅವನು ಬಂಪರಿನ ಕೆಳಗೆ ಎರಡು ಹಳದಿ ದೀಪ ಹಾಕಿಸಿದ. ಗಾಡಿಯ ಜೊತೆ ಬಂದಿದ್ದ ಬಿಳಿ ದೀಪದ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಹೊಡೆಯುತ್ತಿತ್ತು. ಈ ಹಳದಿ ಬೆಳಕು ಮಂಜಿನ ಅಡಿಯಲ್ಲಿ ನುಸುಳಿಕೊಂಡು ಹೋಗಿ ರಸ್ತೆಯನ್ನು ತೋರಿಸುತ್ತಿತ್ತು. ತಿಮ್ಮರಾಯಪ್ಪನಿಗೆ ಆ ದೀಪಗಳೆಂದರೆ ಅಷ್ಟು ಅಕ್ಕರೆ. ದಿನಾ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಯೇ ಗಾಡಿ ಹತ್ತುತ್ತಿದ್ದ.

ಒಂದು ದಿನ ಮಂಡಿಯಲ್ಲಿ ಮೂಟೆ ಇಳಿಸಿ ಬಂದು ನೋಡುತ್ತಾನೆ, ಒಂದು ದೀಪ ಇಲ್ಲ. ಎರಡು ವೈರು ಮಾತ್ರ ಜೋತಾಡುತ್ತಿವೆ. ಅದೇ ವಾರ ಇನ್ನೊಂದು ತಂದು ಹಾಕಿಸಿದ. ತಿಂಗಳು ಕಳೆಯುವುದರೊಳಗೆ ಮತ್ತೆ ಯಾರೋ ಕೈ ಹಾಕಿದ್ದರು. ದೀಪದ ನಟ್ಟು ಅರ್ಧ ಸಡಿಲವಾಗಿತ್ತು.

ಅಲ್ಲಿಂದ ಅವನ ನೆಮ್ಮದಿ ಹೋಯಿತು. ಒಂದು ಮೂಟೆ ಇಳಿಸಿದರೆ ಎರಡು ಸಲ ಹಿಂದಕ್ಕೆ ತಿರುಗಿ ನೋಡುವನು. ಮಂಡಿಯಲ್ಲಿ ಹತ್ತು ವರ್ಷದಿಂದ ಅವನ ಮೂಟೆ ಹೊರುತ್ತಿದ್ದ ಹಮಾಲಿ ಕೆಂಪಣ್ಣ ಗಾಡಿಯ ಹತ್ತಿರ ಬಂದರೂ, "ಅಲ್ಲೇನು ಕೆಲಸ ನಿಂಗೆ?" ಎಂದು ಗದರುವನು. ಕೆಂಪಣ್ಣ ಮುಖ ಸಣ್ಣದು ಮಾಡಿಕೊಂಡು ಹೋಗುವನು.

ದೀಪ ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಅನ್ಸರ್ ಹೇಳಿದ: "ಅಣ್ಣ, ಮಾಮೂಲಿ ಸ್ಪ್ಯಾನರಿಗೆ ಬಿಚ್ಚದೇ ಇರೋ ನಟ್ಟು ಬಂದಿದೆ. ಅದನ್ನ ಹಾಕ್ತೀನಿ. ಮೇಲೆ ಕಬ್ಬಿಣದ ಜಾಲರಿ ಕೂರಿಸ್ತೀನಿ. ದೀಪದ ಮೈಮೇಲೆ ಗಾಡಿ ನಂಬರ್ ಕೆತ್ತಿಬಿಟ್ರೆ ಯಾರೂ ಕೊಂಡ್ಕೊಳ್ಳಲ್ಲ. ಮಂಡೀಲಿ ಗಾಡಿ ಮೂತಿನ ಗೋಡೆಗೆ ಒತ್ತಿ ನಿಲ್ಸು. ಅಷ್ಟು ಸಾಕು."

"ಅಷ್ಟು ಮಾಡಿದ ಮೇಲೂ ಕದ್ದರೆ?"

ಅನ್ಸರ್ ನಕ್ಕ. "ಕದೀಲೇ ಬಾರದು ಅಂದ್ರೆ ಹೇಗಣ್ಣ? ರಸ್ತೇಲಿ ಓಡೋ ಗಾಡಿ ಅದು."

ಆ ಮಾತು ತಿಮ್ಮರಾಯಪ್ಪನಿಗೆ ಹಿಡಿಸಲಿಲ್ಲ. ಮನೆಗೆ ಬಂದವನೇ ಎರಡೂ ದೀಪ ಬಿಚ್ಚಿದ. ಹಳೇ ಪಂಚೆಯಲ್ಲಿ ಸುತ್ತಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮಂಜು ಅಂದರೇನು, ನಿಧಾನವಾಗಿ ಓಡಿಸಿದರಾಯಿತು ಎಂದುಕೊಂಡ. ಎಷ್ಟೋ ದಿನದ ಮೇಲೆ ಅವನಿಗೆ ಗಡದ್ದಾಗಿ ನಿದ್ದೆ ಬಂತು.

ಒಂದು ವಾರ ಏನೂ ಆಗಲಿಲ್ಲ. ಎಂಟನೆಯ ದಿನ ಮಂಜು ಹಾಲು ಚೆಲ್ಲಿದ ಹಾಗೆ ಕವಿದಿತ್ತು. ಹಾರ್ನ್ ಹಾಕುತ್ತಾ ನಿಧಾನವಾಗಿಯೇ ಹೋಗುತ್ತಿದ್ದ. ಇದ್ದಕ್ಕಿದ್ದ ಹಾಗೆ ಗಾಡಿಯ ಮುಂದೆಯೇ ಒಂದು ಬೆನ್ನು ಕಂಡಿತು. ಬ್ರೇಕ್ ಒತ್ತಿದ. ಒದ್ದೆ ರಸ್ತೆಯಲ್ಲಿ ಟೆಂಪೋ ಜಾರಿತು. ಬಂಪರಿನ ಅಂಚು ಹೂವಿನ ಬುಟ್ಟಿಗೆ ತಗುಲಿ, ಬುಟ್ಟಿ ಹಿಡಿದಿದ್ದವಳು ಹೊಲದ ಬದುವಿಗೆ ಬಿದ್ದಳು.

ತಿಮ್ಮರಾಯಪ್ಪ ಕೆಳಗೆ ಹಾರಿದ. ಬಿದ್ದಿದ್ದವಳು ಪಿಳ್ಳಮ್ಮಜ್ಜಿ. ಅವನದೇ ಊರಿನವಳು, ದಿನಾ ಬೆಳಗ್ಗೆ ಹೂವು ಬಿಡಿಸಲು ಹೋಗುವವಳು. ಅವಳ ಕಿವಿ ಕೇಳಿಸದಾಗಿ ವರ್ಷಗಳೇ ಆಗಿದ್ದವು.

ಅವಳನ್ನು ಎತ್ತಿ ಕೂರಿಸಿದ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಅಷ್ಟು ಬಿಟ್ಟರೆ ಬೇರೆ ಪೆಟ್ಟಾಗಿರಲಿಲ್ಲ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ರಕ್ತ ಒರೆಸುತ್ತಿದ್ದರೆ ಅಜ್ಜಿಯೇ ಸಮಾಧಾನ ಹೇಳಿದಳು.

"ನಂಗೇನೂ ಆಗಿಲ್ಲ ಸುಮ್ನಿರಪ್ಪಾ. ನಿನ್ನ ಗಾಡಿ ಬಂದ್ರೆ ನನ್ನ ಕಾಲ ಹತ್ರ ಹಳದಿ ಬೆಳಕು ಬೀಳುತ್ತಲ್ಲ, ಅದನ್ನ ನೋಡಿ ನಾನು ಪಕ್ಕಕ್ಕೆ ಸರೀತಿದ್ದೆ. ಇವತ್ತು ಬೀಳ್ಲೇ ಇಲ್ಲ. ಸುತ್ತ ಮಂಜು ಬೆಳ್ಳಗಾಗಿದ್ದನ್ನ ನೋಡಿ ಬೆಳಕು ಹರೀತಾ ಇದೆ ಅಂದ್ಕೊಂಡು ನಡೀತಾ ಇದ್ದೆ."

ಆ ದೀಪಗಳನ್ನು ನಂಬಿಕೊಂಡು ಇನ್ನೊಂದು ಜೀವ ರಸ್ತೆಯಲ್ಲಿ ನಡೆಯುತ್ತಿತ್ತೆಂದು ತಿಮ್ಮರಾಯಪ್ಪನಿಗೆ ಗೊತ್ತೇ ಇರಲಿಲ್ಲ.

ಅಜ್ಜಿ ಬಗ್ಗಿ ಬಂಪರಿನ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಮರುಕ ಮೂಡಿತು. "ಅಯ್ಯೋ ಮಗಾ, ಎರಡನ್ನೂ ಕದ್ದುಬಿಟ್ರಾ?"

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹಣೆಯ ಸುಕ್ಕುಗಳನ್ನು ನೋಡುತ್ತಾ ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಅವಳಿಗೆ ಅರ್ಥವಾಗುವ ಹಾಗೆ ಎದೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಹೇಳಿದ: "ಕದ್ದೋನು ನಾನೇ ಅಜ್ಜಿ. ಕಳ್ಳರಿಗೆ ಹೆದರಿ ಬಿಚ್ಚಿ ಪೆಟ್ಟಿಗೇಲಿ ಇಟ್ಟಿದೀನಿ."

ಅವನ ತುಟಿಯನ್ನೇ ನೋಡುತ್ತಿದ್ದ ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕುಬಿಟ್ಟಳು. ಅವನ ತಲೆ ಸವರಿದಳು. "ಪೆಟ್ಟಿಗೇಲಿ ಯಾರು ನಡೀತಾರೋ, ಹುಚ್ಚಪ್ಪಾ!"

ತಿಮ್ಮರಾಯಪ್ಪ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದು ಗಾಯಕ್ಕೆ ಪಟ್ಟಿ ಕಟ್ಟಿಸಿದ. ಅಂದು ಹೂವು ಮಂಡಿಗೆ ತಡವಾಗಿ ಹೋಯಿತು. ಅದರ ಕಡೆ ಅವನ ಗಮನವೇ ಇರಲಿಲ್ಲ.

ಸಂಜೆಯೇ ದೀಪಗಳನ್ನು ಹಿಡಿದು ಅನ್ಸರನ ಬಳಿ ಹೋದ. ಹೊಸ ನಟ್ಟು ಬಂತು, ಜಾಲರಿ ಬಂತು, ದೀಪದ ಮೈಮೇಲೆ ಗಾಡಿಯ ನಂಬರೂ ಬಂತು. ಮರುದಿನ ಮಂಡಿಯಲ್ಲಿ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೆಂಪಣ್ಣನ ಹತ್ತಿರ ಹೋಗಿ ನಿಂತ.

"ಕೆಂಪಣ್ಣ, ನಿನ್ನ ಮೇಲೆ ಸುಮ್ಸುಮ್ನೆ ಅನುಮಾನ ಪಟ್ಟೆ. ಮನಸ್ಸಲ್ಲಿ ಇಟ್ಕೋಬೇಡ. ನಾನು ಒಳಗಿದ್ದಾಗ ದೀಪದ ಕಡೆ ಒಂಚೂರು ಕಣ್ಣಿಟ್ಟಿರ್ತೀಯಾ?"

ಕೆಂಪಣ್ಣ ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತಾ, "ಮೊದಲೇ ಕೇಳಿದ್ರೆ ಮೊದಲೇ ನೋಡ್ಕೊಂಡಿರ್ತಿದ್ದೆನಲ್ಲ" ಎಂದ.

ಎರಡು ತಿಂಗಳ ಮೇಲೆ ಒಂದು ದಿನ ಜಾಲರಿ ಸ್ವಲ್ಪ ಬಾಗಿತ್ತು, ನಟ್ಟಿನ ಮೇಲೆ ಗೀರುಗಳಿದ್ದವು. ಯಾರೋ ಎಳೆದಾಡುತ್ತಿದ್ದಾಗ ಕೆಂಪಣ್ಣ ಕೂಗು ಹಾಕಿ ಓಡಿಸಿದ್ದ. ದೀಪಗಳು ಅಲ್ಲಾಡಿರಲಿಲ್ಲ. ತಿಮ್ಮರಾಯಪ್ಪ ಬಾಗಿದ ಜಾಲರಿಯನ್ನು ಕೈಯಿಂದಲೇ ನೆಟ್ಟಗೆ ಮಾಡಿದ. ಕೆಂಪಣ್ಣನ ಹೆಗಲ ಮೇಲೆ ಕೈಹಾಕಿ ಟೀ ಕುಡಿಯಲು ಕರೆದುಕೊಂಡು ಹೋದ. ಹೋಗುವಾಗ ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ನೀತಿ: ನಮ್ಮ ವಸ್ತುವನ್ನು ಜಾಣತನದಿಂದ ಕಾಪಾಡಿಕೊಳ್ಳಬೇಕು, ನಾಲ್ಕು ಜನರನ್ನು ನಂಬಿ ಕಾಪಾಡಿಕೊಳ್ಳಬೇಕು. ಆದರೆ ಭಯಪಟ್ಟು ಅದು ಯಾರಿಗೂ ಉಪಯೋಗಕ್ಕೆ ಬಾರದಂತೆ ಬಚ್ಚಿಟ್ಟರೆ, ಕಳ್ಳ ಮಾಡಬೇಕಾದ ಕೆಲಸವನ್ನು ನಾವೇ ಮಾಡಿದಂತೆ.