ಬೀಗದೊಳಗಿನ ಕೈ

“ಗುರುಗಳೇ, ನನ್ನ ಒಂದು ಸಾಲೂ ಅವನ ಬಳಿ ಇಲ್ಲ. ಆದರೂ ನನ್ನದೆಲ್ಲವೂ ಅವನ ಬಳಿ ಇದೆ. ಇದು ಕಳವೋ, ಅಲ್ಲವೋ?”

ಕೇಳಿದವಳು ಕಾತ್ಯಾಯಿನಿ. ಖಾಸಗಿ ಬಸ್ಸು ಕಂಪನಿಗಳಲ್ಲಿ ಯಾವ ದಿನ ಯಾವ ಡ್ರೈವರು ಯಾವ ಬಸ್ಸಿಗೆ ಎಂದು ಹಂಚಿಕೊಡುವ ತಂತ್ರಾಂಶವೊಂದನ್ನು ಅವಳೂ ಅವಳ ಜೊತೆಯವರೂ ವರ್ಷಗಟ್ಟಲೆ ಕೂತು ಕಟ್ಟಿದ್ದರು. ಅದರ ಒಳಗನ್ನು, ತಾವು ಬರೆದ ಕೋಡಿನ ಸಾಲುಗಳನ್ನು, ಹೊರಗಿನವರಿಗೆ ತೋರಿಸಿರಲಿಲ್ಲ. ಒಬ್ಬಾತ ಅದನ್ನು ಕೊಂಡು ಬಳಸಿದ. ಅದು ಏನೇನು ಮಾಡುತ್ತದೆ ಎಂದು ಕೃತಕ ಬುದ್ಧಿಮತ್ತೆಗೆ ಹೇಳಿದ. ಅದು ಅಂಥದ್ದೇ ಇನ್ನೊಂದನ್ನು ಬರೆದುಕೊಟ್ಟಿತು. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೋಗುತ್ತಿದ್ದರು. ಹೀಗೇ ಆದರೆ ಕಚೇರಿಯ ಬಾಗಿಲು ಹಾಕಬೇಕು. ಅವಳು ಹೂಡಿದ ದಾವೆ ಮರುದಿನ ವಿಚಾರಣೆಗೆ ಬರುವುದಿತ್ತು.

“ಕೂತುಕೋ” ಎಂದರು ಗುರುಗಳು.

“ಕೂತೇ ಇದ್ದೇನೆ, ಗುರುಗಳೇ.”

“ಹಾಗಾದರೆ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸು.” ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬೀಗ ಮಾಡುವವನೊಬ್ಬನಿದ್ದ. ಅವನ ಬೀಗಕ್ಕೆ ಬೇರೆ ಕೀಲಿ ಹಾಕಿದರೆ ಅದು ಆ ಕೀಲಿಯನ್ನೇ ಕಚ್ಚಿ ಹಿಡಿಯುತ್ತಿತ್ತು. ಹೇಗೆ ಹಿಡಿಯುತ್ತದೆ ಎಂಬುದು ಅವನಿಗೆ ಮಾತ್ರ ಗೊತ್ತು. ಅದೇ ಅವನ ಅನ್ನ.

ಆ ಊರಿನ ಬೀಗದ ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಈ ಬೀಗ ನನ್ನದು, ಇನ್ನೊಬ್ಬ ಕದ್ದ ಎಂದು ಯಾರಾದರೂ ದೂರಿದರೆ, ಹಿರಿಯರು ಬೀಗವನ್ನು ಜಗಲಿಯ ಮೇಲೆ ಬಿಚ್ಚಿಡುತ್ತಿದ್ದರು. ದೂರಿದವನು ಒಳಗಿನ ಒಂದೊಂದು ತುಂಡೂ ಯಾಕೆ ಹಾಗಿದೆ ಎಂದು ಹೇಳಬೇಕು. ಹೇಳಿದರೆ ಅದು ಅವನ ಕೈಯ ಕೆಲಸ ಎಂದು ಲೆಕ್ಕ; ಇದಕ್ಕೆ ಕೇರಿಯವರು ‘ಕೈ ಹೇಳುವುದು’ ಎನ್ನುತ್ತಿದ್ದರು.

ಒಂದು ದಿನ ಅದೇ ಊರಿನ ವರ್ತಕನೊಬ್ಬ ಪರಸ್ಥಳದ ಕೆಲಸಗಾರನನ್ನು ಕರೆಸಿದ. ಆ ಕೆಲಸಗಾರ ಲೋಕದ ಬೀಗಗಳನ್ನೆಲ್ಲ ಕಂಡವನು. ಯಾರ ಹತ್ತಿರ ಕಲಿತೆ ಎಂದರೆ ಎಲ್ಲರ ಹತ್ತಿರ ಎನ್ನುತ್ತಿದ್ದ. ಊಟ ಕೇಳುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. “ಬೀಗ ಏನು ಮಾಡಬೇಕು, ಅಷ್ಟು ಹೇಳಿ ಸಾಕು” ಎಂದ. ವರ್ತಕ ಹೇಳಿದ. ಬೇರೆ ಕೀಲಿಯನ್ನು ಕಚ್ಚಿ ಹಿಡಿಯುವ ಬೀಗ ಸಂತೆಗೆ ಬಂತು.

ಬೀಗದವನು ಜಗಲಿಗೆ ಓಡಿದ. ಹಿರಿಯರು ಎರಡೂ ಬೀಗಗಳನ್ನು ಬಿಚ್ಚಿಟ್ಟರು. ತನ್ನ ಬೀಗದೊಳಗಿನ ಕೈಯನ್ನು ಅವನು ತಡವರಿಸದೆ ಹೇಳಿದ. ಈ ಬಿಲ್ಲೆಯ ಮೂಲೆ ಮೊದಲು ಚೂಪಾಗಿತ್ತು, ತುಕ್ಕು ಹಿಡಿದರೆ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೇ ಉಜ್ಜಿದೆ. ಈ ತೂತು ಅಳತೆ ತಪ್ಪಿ ಕೊರೆದದ್ದು, ಮುಚ್ಚಲು ಹೋದಾಗ ಕಚ್ಚುವ ಉಪಾಯ ಹೊಳೆಯಿತು. ಹಿರಿಯರು ತಲೆದೂಗಿದರು. ಆಮೇಲೆ ವರ್ತಕನ ಬೀಗ ನೋಡಿದರು. ಅದರಲ್ಲಿ ಆ ಬಿಲ್ಲೆಯೂ ಇರಲಿಲ್ಲ, ಆ ತೂತೂ ಇರಲಿಲ್ಲ.

“ಇದು ನಿನ್ನ ಕೈಯಲ್ಲ” ಎಂದರು ಹಿರಿಯರು.

“ಕಚ್ಚುವುದು ನನ್ನ ಯೋಚನೆ, ಸ್ವಾಮಿ.”

“ಯೋಚನೆ ಬಿಚ್ಚಿಡುವುದಕ್ಕೆ ನಮ್ಮಲ್ಲಿ ಜಗಲಿ ಇಲ್ಲ, ಮಾರಾಯ.”

ಅಂದಿನಿಂದ ಬೀಗದವನಿಗೆ ನೆಮ್ಮದಿಯಿಲ್ಲ. ಬೀದಿಯಲ್ಲಿ ಯಾರಾದರೂ ಅವನ ಬೀಗವನ್ನು ಸ್ವಲ್ಪ ಹೊತ್ತು ನೋಡಿದರೆ ಬೆವರುತ್ತಿದ್ದ. ಹೊಸ ಬೀಗ ಮಾಡಿದರೆ ಮಾರಲು ಭಯ, ಮಾರದಿದ್ದರೆ ಒಲೆ ಉರಿಯುವ ಹಾಗಿಲ್ಲ. ಕೊನೆಗೆ ಅವನೂ ಆ ಪರಸ್ಥಳದ ಕೆಲಸಗಾರನನ್ನೇ ಕರೆಸಿದ. ಆ ಕೆಲಸಗಾರ ಯಾರು ಕರೆದರೂ ಬರುವವನು. ಬೀಗದವನು ಬಾಯಲ್ಲಿ ಹೇಳಿದ, ಅವನು ಮಾಡಿದ. ಕೀಲಿ ತಿರುಗಿತೇ? ತಿರುಗಿತು. ಸಾಕು, ಸಂತೆಗೆ ಹೋಗಲಿ.

ಕಾತ್ಯಾಯಿನಿ ನಡುವೆ ಬಾಯಿ ಹಾಕಿದಳು. “ಇನ್ನೇನು ಮಾಡಬೇಕಿತ್ತು ಅವನು? ನಾವೂ ಹಳೆಯದನ್ನು ಕಿತ್ತುಹಾಕಿ ಕೃತಕ ಬುದ್ಧಿಮತ್ತೆಗೆ ಹಾಗೇ ಹೇಳಿ ಬರೆಸಿದ್ದೇವೆ. ಓಡುತ್ತದೆಯೇ ಎಂದು ನೋಡುತ್ತೇವೆ. ನಿಂತರೆ ತುಳಿದುಕೊಂಡು ಹೋಗುತ್ತಾರೆ, ಗುರುಗಳೇ.”

“ತಪ್ಪು ಅಂತ ನಾನೆಲ್ಲಿ ಹೇಳಿದೆ? ಬೀಗ ಚೆನ್ನಾಗಿಯೇ ಇತ್ತು” ಎಂದು ಗುರುಗಳು ಕತೆ ಮುಂದುವರಿಸಿದರು.

ಬೀಗ ಎಷ್ಟು ಚೆನ್ನಾಗಿತ್ತೆಂದರೆ ವರ್ತಕನಿಗೆ ಮತ್ತೆ ಆಸೆಯಾಯಿತು. ಈ ಸಲ ಅವನು ಕೆಲಸಗಾರನನ್ನು ಕರೆಯುವ ಗೋಜಿಗೂ ಹೋಗಲಿಲ್ಲ. ಒಂದು ಬೀಗ ಕೊಂಡ, ಗರಗಸದಲ್ಲಿ ಕೊಯ್ದ, ತುಂಡಿಗೆ ತುಂಡು ಅಚ್ಚು ತೆಗೆಸಿದ. ಇದನ್ನೆಲ್ಲ ಹಗಲಿನಲ್ಲೇ, ಅಂಗಡಿಯ ಬಾಗಿಲು ತೆರೆದಿಟ್ಟೇ ಮಾಡಿದ.

ಸುದ್ದಿ ಕೇಳಿ ಬೀಗದವನಿಗೆ ಹೋದ ಜೀವ ಬಂದಂತಾಯಿತು. ವರ್ತಕ ಈಗ ಸಿಕ್ಕಿಬಿದ್ದ. ಹೊರಗೂ ಒಂದೇ, ಒಳಗೂ ಒಂದೇ. ಅವನು ಅಂಗಿ ತೊಟ್ಟುಕೊಳ್ಳುತ್ತಿದ್ದಾಗ ಹೆಂಡತಿ ಕೇಳಿದಳು: “ಜಗಲಿಯ ಮೇಲೆ ಏನು ಕೇಳುತ್ತಾರೆ, ನೆನಪಿದೆ ತಾನೆ?”

ಅವನು ಗುಂಡಿ ಹಾಕದೆಯೇ ಹೊರಟ. ದಾರಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ತನ್ನ ಬೀಗವನ್ನು ತಾನೇ ಬಿಚ್ಚಿ ನೋಡಿದ. ಕಳ್ಳನಂತೆ ಅತ್ತಿತ್ತ ನೋಡುತ್ತ, ಒಳಗಿದ್ದುದನ್ನು ಬಾಯಿಪಾಠ ಮಾಡಿಕೊಂಡ. ತುಂಡುಗಳೆಲ್ಲ ನೆನಪಿನಲ್ಲಿ ಉಳಿದವು. ಯಾಕೆ ಎಂಬುದು ಮಾತ್ರ ಅಲ್ಲೆಲ್ಲೂ ಇರಲಿಲ್ಲ.

ಹಿರಿಯರು ಎರಡು ಬೀಗಗಳನ್ನೂ ಬಿಚ್ಚಿದರು. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಒಳಗೊಂದು ಮೂಲೆಯಲ್ಲಿ ಸಣ್ಣ ಮೊಳೆಯಿತ್ತು. ಹಿರಿಯರು ಅದರ ಮೇಲೆ ಬೆರಳಿಟ್ಟರು.

“ಇದು ಯಾಕೆ?”

“ಅದು… ಗಟ್ಟಿ ಇರಲಿ ಅಂತ, ಸ್ವಾಮಿ.”

ಹಿರಿಯರು ಮೊಳೆಯನ್ನು ಕಿತ್ತು ಬೀಗ ಹಾಕಿದರು, ತೆಗೆದರು. ಬೀಗ ಮೊದಲಿನಂತೆಯೇ ನಡೆಯಿತು. ಸುತ್ತ ನಿಂತವರು ನಕ್ಕರು. ಹಿರಿಯರು ವರ್ತಕನ ಕಡೆ ತಿರುಗಿದರು.

“ನನ್ನನ್ನು ಕೇಳಬೇಡಿ. ಇತ್ತು, ಹಾಕಿದೆ” ಎಂದ ವರ್ತಕ. “ಬೇಕಾದರೆ ಈ ಬೀಗದಣ್ಣನನ್ನೇ ಇನ್ನೊಮ್ಮೆ ಕೇಳಿ, ಇನ್ನೊಂದು ಕಾರಣ ಹೇಳುತ್ತಾನೆ.”

ಬೀಗದವನು ಸೊಂಟದಿಂದ ಕೀಲಿ ತೆಗೆದು ಎತ್ತಿ ಹಿಡಿದ. “ಸ್ವಾಮಿ, ಬೀಗ ನನ್ನದೇ. ನೋಡಿ, ಬೀಗದ ಕೈ ನನ್ನ ಹತ್ತಿರವೇ ಇದೆ.”

“ಬೀಗದ ಕೈ ನಿನ್ನ ಹತ್ತಿರ ಇದೆಯಪ್ಪ. ಬೀಗದೊಳಗೆ ನಿನ್ನ ಕೈ ಎಲ್ಲಿದೆ?” ಎಂದರು ಹಿರಿಯರು. ಆಮೇಲೆ ತೀರ್ಪು ಹೇಳಿದರು. ಈ ಬೀಗದಲ್ಲಿ ಯಾರ ಕೈಯೂ ಇಲ್ಲ. ಬೇಕಾದವರು ಮಾಡಿಕೊಳ್ಳಬಹುದು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕಾತ್ಯಾಯಿನಿಗೆ ಸಿಟ್ಟು ಬಂತು. “ಇದೆಂಥ ನ್ಯಾಯ, ಗುರುಗಳೇ? ಕದ್ದದ್ದು ಎಲ್ಲರ ಕಣ್ಣೆದುರಿಗೇ ಇತ್ತು. ಅವನು ಇನ್ನಷ್ಟು ಗಟ್ಟಿಯಾಗಿ, ಇದು ನನ್ನದು ಎನ್ನಬೇಕಿತ್ತು. ನಾಳೆ ನಾನಾದರೂ ಅನ್ನುತ್ತೇನೆ.”

“ಅನ್ನು ತಾಯಿ,” ಎಂದರು ಗುರುಗಳು, “ಅನ್ನುವಾಗ ಯಾವ ಸಾಲಿನ ಮೇಲೆ ಬೆರಳಿಡುತ್ತೀ?”